ಮಂಡಿ ಇಂಜೆಕ್ಷನ್: ಬಿಟ್ಟ ಸಾಲಿನಲ್ಲಿ ಏನಾಯಿತು?

ಚನ್ನಗಿರಿಯ ತಮ್ಮಾ, ಅವ್ವನ ಮಂಡಿ ಸವೆದಿದೆ, ಅವರದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಕಣ ಹೆಚ್ಚಿರುವ ಪಿಆರ್‌ಪಿ ಎಂಬ ದ್ರವವನ್ನು ಮೂರು ಸಲ ಚುಚ್ಚಿಸಿದರೆ ಸವಕಳಿ ತುಂಬಿಕೊಳ್ಳುತ್ತದಂತೆ, ಅರ್ಧ ಕ್ವಿಂಟಲ್ ಅಡಿಕೆಯ ದುಡ್ಡಾಗುತ್ತದೆ, ಹಾಕಿಸಲೋ ಬೇಡವೋ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಿಮ್ಮಂತೆಯೇ ತೋಟದವನು, ಬಲಮಂಡಿಗೆ ಒಮ್ಮೆ ಸೂಜಿ ಚುಚ್ಚಿಸಿಕೊಂಡವನು.

ಹೋದ ವರ್ಷ ಅಡಿಕೆಯ ಹರಳು (ಎಳೆಗಾಯಿ) ಉದುರುವುದನ್ನು ತಡೆಯಲೆಂದು ನಮ್ಮ ಬೆಳೆಗಾರರ ಇದೇ ಗುಂಪಿನಲ್ಲಿ ಒಂದು ಟಾನಿಕ್ ಓಡಾಡಿತ್ತು, ನೆನಪಿದೆಯೇ? ಹೊಡೆದವರೆಲ್ಲ ಉದುರುವುದು ನಿಂತಿತು ಎಂದರು. ನಾನು ನಾಲ್ಕು ಸಾಲು ಬಿಟ್ಟು ಹೊಡೆದಿದ್ದೆ. ಬಿಟ್ಟ ಸಾಲಿನಲ್ಲೂ ನಿಂತಿತು! ಮಂಡಿ ನೋವೂ ಹೀಗೆಯೇ. ಏರುತ್ತದೆ, ಇಳಿಯುತ್ತದೆ, ನಾವು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಏರಿದಾಗಲೇ. ಆಮೇಲೆ ಇಳಿದದ್ದೆಲ್ಲ ಸೂಜಿಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ಸರಿಯಾದ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಮದ್ದು, ಉಳಿದರ್ಧಕ್ಕೆ ಬರೀ ಸಲೈನ್, ಅಂದರೆ ಮದ್ದಿಲ್ಲದ ಉಪ್ಪುನೀರು, ಚುಚ್ಚುತ್ತಾರೆ. ಯಾರಿಗೆ ಯಾವುದು ಸಿಕ್ಕಿತು ಎಂಬುದನ್ನು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ.

ಪಿಆರ್‌ಪಿಯನ್ನು ಹಾಗೆ ಪರೀಕ್ಷಿಸಿದ್ದು ಆಸ್ಟ್ರೇಲಿಯಾದಲ್ಲಿ. 288 ಜನ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಫಲಿತಾಂಶ 2021ರಲ್ಲಿ ಬಂತು. ಹತ್ತರ ಅಳತೆಯಲ್ಲಿ ವರ್ಷದ ನಂತರ ಪಿಆರ್‌ಪಿಯವರ ನೋವು 2.1ರಷ್ಟು ಇಳಿದಿತ್ತು, ಸಲೈನಿನವರದು 1.8ರಷ್ಟು. ಎಂಆರ್‌ಐ ಮಾಡಿ ನೋಡಿದರೆ ಮೃದ್ವಸ್ಥಿಯಲ್ಲೂ (ಮಂಡಿಯ ಮೂಳೆಗಳ ತುದಿಗಿರುವ ಮೆತ್ತನೆಯ ಹೊದಿಕೆ, ಸವೆಯುವುದು ಇದೇ) ವ್ಯತ್ಯಾಸವಿಲ್ಲ. ಗುಣವಿದೆ ಎನ್ನುವ ಸಣ್ಣ ಪರೀಕ್ಷೆಗಳೂ ಇವೆ, ಆದರೆ ‘ಸವಕಳಿ ತುಂಬುತ್ತದೆ’ ಎಂಬ ಮಾತಿಗೆ ನಾನಂತೂ ದುಡ್ಡು ಬಿಚ್ಚುವುದಿಲ್ಲ. ಮಂಡಿಯೊಳಗೆ ಜಾರುವಂತಾಗಲಿ ಎಂದು ಚುಚ್ಚುವ ಜೆಲ್ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದಿರಿ. ಅದನ್ನು ಕೊಡಬೇಡಿ ಎಂದು ಯಾವ ಚಿಕಿತ್ಸೆ ಕೊಡಬೇಕು ಎಂದು ಡಾಕ್ಟರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೇಳಿದೆ.

ನನಗೆ ಕೊಟ್ಟದ್ದು ಊತ ಇಳಿಸುವ ಸ್ಟೀರಾಯ್ಡ್. ಮಂಡಿ ಊದಿ ಬಿಸಿಯಾಗಿತ್ತು. ಡಾಕ್ಟರು ಮೊದಲು ಸಿರಿಂಜಿನ ತುಂಬ ಹರಳೆಣ್ಣೆ ಬಣ್ಣದ ನೀರು ಎಳೆದು, ಆಮೇಲೆ ಮದ್ದು ಬಿಟ್ಟರು. ಐದಾರು ವಾರ ಹಾಯಾಗಿದ್ದೆ. ಆ ಹುರುಪಿನಲ್ಲಿ ಕೊಯ್ಲಿನ ಗೊನೆ ಹೊತ್ತೆ, ನೋವು ಮರಳಿ ಬಂತು. ಇನ್ನೊಂದು ಹಾಕಿಸಲು ಹೋದರೆ ಡಾಕ್ಟರೇ ಬೇಡವೆಂದರು. ಅಮೆರಿಕದಲ್ಲಿ 140 ಜನರಿಗೆ ಮೂರು ತಿಂಗಳಿಗೊಂದರಂತೆ ಎರಡು ವರ್ಷ ಕೊಟ್ಟು ನೋಡಿದ್ದರಂತೆ: ನೋವಿನಲ್ಲಿ ಸಲೈನಿಗಿಂತ ಹೆಚ್ಚಿನ ಲಾಭವಿಲ್ಲ, ಮೃದ್ವಸ್ಥಿ ಮಾತ್ರ ಇನ್ನಷ್ಟು ತೆಳುವಾಗಿತ್ತು. ಇದು 2017ರ ಮಾತು.

2020ರಲ್ಲಿ ಅಲ್ಲಿಯೇ ಸೇನಾ ಆಸ್ಪತ್ರೆಗಳಲ್ಲಿ ಸ್ಟೀರಾಯ್ಡನ್ನೂ ಫಿಸಿಯೋಥೆರಪಿಯನ್ನೂ ಹೋಲಿಸಿದರು. ವರ್ಷದ ಕೊನೆಗೆ ವ್ಯಾಯಾಮದವರೇ ಮುಂದಿದ್ದರು. ನಾನೂ ಈಗ ಅದನ್ನೇ ಮಾಡುತ್ತೇನೆ. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಐದು ಎಣಿಸುವವರೆಗೆ ಕೆಳಕ್ಕೆ ಒತ್ತಿ ಹಿಡಿಯುವುದು. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಎಂಟು ವಾರ ಏನೂ ಅನ್ನಿಸಲಿಲ್ಲ, ಬೈದುಕೊಂಡೇ ಮಾಡಿದೆ. ಅವ್ವನಿಗೆ ಮೊದಲು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಸಿ. ಕಳೆ ತೆಗೆಯಲು ಕುಕ್ಕರಗಾಲಿನಲ್ಲಿ ಕೂರಿಸಬೇಡಿ, ಒಂದು ಗಿಡ್ಡ ಸ್ಟೂಲು ಕೊಡಿ. ಕಮೋಡ್ ಹಾಕಿಸಿ; ಆ ದುಡ್ಡು ದಂಡವಾಗುವುದಿಲ್ಲ.

ಯಾವ ಇಂಜೆಕ್ಷನ್ ಹಾಕಿಸಿದರೂ, ಆಮೇಲೆ ಜ್ವರ ಬಂದು ಮಂಡಿ ಕೆಂಪಗೆ ಊದಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಟೀರಾಯ್ಡ್ ಆದರೆ ಕೆಲವು ದಿನ ಸಕ್ಕರೆ ಏರುತ್ತದೆ. ನನಗೆ ಮೂರು ದಿನ ಏರಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ, ತಿಳಿಸಿ.