ಉಣ್ಣೆಯನ್ನು ಉಜ್ಜಬೇಡಿ, ಸುಮ್ನೆ ನೆನೆಯಲು ಬಿಡಿ

ಪ್ರಶ್ನೆ: ಗೊತ್ತಿದ್ದವರೊಬ್ಬರು ಕುರಿ ಉಣ್ಣೆ ಕತ್ತರಿಸಿದಾಗ ನನಗೆ ಎರಡು ಕೆಜಿ ಕೊಟ್ಟರು. ಮನೆಯಲ್ಲೇ ನೂಲು ತೆಗೆಯೋಣ ಅಂತ ಅರ್ಧದಷ್ಟನ್ನು ಬಿಸಿನೀರಿಗೆ ಹಾಕಿ, ಬಟ್ಟೆ ಸೋಪಿನ ಪುಡಿಯಲ್ಲಿ ಉಜ್ಜಿ, ನಲ್ಲಿ ಕೆಳಗೆ ಹಿಡಿದು ತೊಳೆದೆ. ಈಗ ಎಲ್ಲಾ ಮುದ್ದೆಯಾಗಿದೆ, ಜಿಡ್ಡೂ ಹೋಗಿಲ್ಲ. ಎಲ್ಲಿ ತಪ್ಪಿತು? ಉಳಿದದ್ದನ್ನು ಹೇಗೆ ತೊಳೆಯಲಿ?

ಉತ್ತರ: ಮುದ್ದೆಯಾದದ್ದನ್ನು ಬಿಡಿಸಲು ಹೋಗಬೇಡಿ, ಅದು ಮತ್ತೆ ಬಿಡಿಯಾಗುವುದಿಲ್ಲ. ಉಣ್ಣೆಯ ಪ್ರತಿ ಕೂದಲಿನ ಮೇಲೂ ಹೆಂಚು ಹೊದಿಸಿದ ಹಾಗೆ ತುಂಬಾ ಸಣ್ಣ ಪೊರೆಗಳಿರುತ್ತವೆ. ಒದ್ದೆ ಉಣ್ಣೆಯನ್ನು ಉಜ್ಜಿದಾಗ ಕೂದಲುಗಳು ಒಂದೇ ದಿಕ್ಕಿಗೆ ಜರುಗುತ್ತವೆ, ವಾಪಸ್ ಬರಲು ಈ ಪೊರೆಗಳು ಬಿಡುವುದಿಲ್ಲ, ಹಾಗಾಗಿ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಬಿಸಿ ಮತ್ತು ಸೋಪು ಸೇರಿದರೆ ಇದು ಇನ್ನೂ ಜೋರು. ಅಂದರೆ ಬಿಸಿನೀರು ಹಾಕಿದ್ದು ತಪ್ಪಲ್ಲ, ಅದರಲ್ಲಿ ಉಜ್ಜಿದ್ದು ತಪ್ಪು. ನಲ್ಲಿ ನೀರು ರಭಸವಾಗಿ ಬಿದ್ದರೂ ಉಜ್ಜಿದ ಹಾಗೇ. ನಾನೂ ಶುರುವಿನಲ್ಲಿ ಒಂದು ಒಳ್ಳೆಯ ಉಣ್ಣೆಯನ್ನು ಹೀಗೇ ಹಾಳು ಮಾಡಿದ್ದೆ, ಈಗಲೂ ನೆನೆದರೆ ಬೇಜಾರಾಗುತ್ತದೆ.

ಜಿಡ್ಡು ಅಂದರೆ ಲ್ಯಾನೊಲಿನ್, ಒಂಥರಾ ಮೇಣ. ಅದು ಕರಗುವುದು 40 ಡಿಗ್ರಿ ಆಸುಪಾಸಿನಲ್ಲಿ. ಉಗುರುಬೆಚ್ಚಗಿನ ನೀರಿಗೆ ಜಗ್ಗುವುದಿಲ್ಲ. ಇನ್ನೊಂದು, ಉಣ್ಣೆ ಒಳಗಿರುವಾಗಲೇ ನೀರು ಆರಿಹೋದರೆ ಕರಗಿದ ಜಿಡ್ಡು ಮತ್ತೆ ಕೂದಲಿಗೇ ಅಂಟುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಉಳಿದ ಉಣ್ಣೆಯನ್ನು ಹಳೆ ಬೆಡ್‌ಶೀಟ್ ಮೇಲೆ ಹರಡಿ ಕೊಡವಿ. ಹಿಕ್ಕೆ ಅಂಟಿದ ತುದಿ, ಮುಳ್ಳು, ತುಂಡು ಕೂದಲು ಎಲ್ಲಾ ತೆಗೆದು ಹಾಕಿ, ಇಲ್ಲಿ ಜಿಪುಣತನ ಬೇಡ. ಒಂದು ಎಳೆಗೊಂಚಲನ್ನು ಎರಡೂ ತುದಿ ಹಿಡಿದು ಕಿವಿ ಹತ್ತಿರ ತಂದು ಫಟ್ಟನೆ ಜಗ್ಗಿ ನೋಡಿ. ಗಟ್ಟಿ ಉಣ್ಣೆ ತಂತಿ ಮೀಟಿದ ಹಾಗೆ ಸದ್ದು ಮಾಡುತ್ತದೆ. ಚಟಪಟ ಅಂತ ಹರಿದರೆ ಅದು ನೂಲಿಗೆ ಬರುವುದಿಲ್ಲ, ತೊಳೆಯುವ ಶ್ರಮವೂ ದಂಡ.

ಆಮೇಲೆ ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿ. ಕುರಿಯ ಒಣಗಿದ ಬೆವರು ಮತ್ತು ಮಣ್ಣು ಬಿಟ್ಟು ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಗಿಡಗಳಿಗೆ ಹಾಕಿ, ಒಳ್ಳೆಯದು. ಬೆಳಗ್ಗೆ ಅರ್ಧ ಕೆಜಿಯಷ್ಟನ್ನು ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ. ದೊಡ್ಡ ಬಕೆಟ್‌ಗೆ ಕುದಿಯುವ ನೀರು ಒಂದು ಪಾಲು, ತಣ್ಣೀರು ಒಂದು ಪಾಲು ಹಾಕಿದರೆ ಹೆಚ್ಚೂಕಮ್ಮಿ 60 ಡಿಗ್ರಿ ಬರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಚೀಲವನ್ನು ಕೋಲಿನಿಂದ ಮೆಲ್ಲಗೆ ಅದುಮಿ ಮುಳುಗಿಸಿ. 15-20 ನಿಮಿಷ ಮುಟ್ಟಬೇಡಿ. ನೀರು ಬಿಸಿ ಇರುವಾಗಲೇ ಚೀಲ ಎತ್ತಿ, ಸೋರಲು ಬಿಟ್ಟು, ಅಷ್ಟೇ ಬಿಸಿಯ ಹೊಸ ಸೋಪು ನೀರಿಗೆ ಇಳಿಸಿ. ಕೊನೆಗೆ ಎರಡು ಸಲ ಬರೀ ಬಿಸಿನೀರು. ಮುಖ್ಯವಾದ ಮಾತು, ಉಣ್ಣೆಯನ್ನು ನೀರಿಗೆ ಇಳಿಸಬೇಕೇ ಹೊರತು ಉಣ್ಣೆಯ ಮೇಲೆ ನೀರು ಸುರಿಯಬಾರದು.

ಬಟ್ಟೆ ಸೋಪಿನ ಪುಡಿ, ಸೋಡಾ ಬೇಡ, ಕ್ಷಾರ ಜಾಸ್ತಿಯಾದರೆ ಉಣ್ಣೆ ಸೆಟೆದುಕೊಳ್ಳುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಜಿಡ್ಡಿನ ನೀರು ಬಚ್ಚಲ ಪೈಪಿಗೆ ಹೋದರೆ ಒಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಹೊರಗೆ ಚೆಲ್ಲಿ.

ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ನಯವಾದ ಜಾತಿಯ ಉಣ್ಣೆಯಾದರೆ ಒಣಗಿದ ಮೇಲೆ ತೂಕ ಅರ್ಧಕ್ಕೆ ಇಳಿಯಬಹುದು, ಗಾಬರಿಯಾಗಬೇಡಿ.

ಪ್ರಶ್ನೆ: ತೊಳೆದ ಉಣ್ಣೆಯನ್ನು ಹಿಂಜುವ ಹಣಿಗೆ ನನ್ನ ಹತ್ತಿರ ಇಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ನಾಯಿ ಕೂದಲು ಬಾಚುವ ತಂತಿ ಬ್ರಷ್ ಎರಡು ಸಾಕು. ಮೊದಲು ಬೆರಳಲ್ಲೇ ಗೊಂಚಲು ಬಿಡಿಸಿ ಮೋಡದ ಹಾಗೆ ಹಗುರ ಮಾಡಿಕೊಳ್ಳಿ, ಉಳಿದ ಕಸ ಆಗಲೇ ಉದುರುತ್ತದೆ. ಒಂದು ಬ್ರಷ್ ಮೇಲೆ ತೆಳ್ಳಗೆ ಹರಡಿ ಇನ್ನೊಂದರಿಂದ ಹಗುರವಾಗಿ ಎಳೆಯಿರಿ. ತಂತಿಗೆ ತಂತಿ ಉಜ್ಜುವ ಸದ್ದು ಬಂದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಂತಲೇ ಅರ್ಥ. ಕೂದಲು ಸಮವಾದ ಮೇಲೆ ಸುರುಳಿ ಸುತ್ತಿ ತೆಗೆದರೆ ಹಂಜಿ ಸಿದ್ಧ. ತಕಲಿಯಲ್ಲಿ, ಅಂದರೆ ಕೈಯಲ್ಲಿ ತಿರುಗಿಸಿ ನೂಲುವ ಕಡ್ಡಿಯಲ್ಲಿ, ನೂಲಬಹುದು.

ಪ್ರಶ್ನೆ: ಎತ್ತಿಟ್ಟ ಉಣ್ಣೆಗೆ ಹುಳು ಬಿದ್ದಿದೆ.

ಉತ್ತರ: ತಿನ್ನುವುದು ಹಾರುವ ಪತಂಗ ಅಲ್ಲ, ಅದರ ಮರಿಹುಳು. ಬೆವರು, ಕೊಳೆ ಇರುವ ಉಣ್ಣೆ ಅದಕ್ಕೆ ಇನ್ನೂ ಇಷ್ಟ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ. ಆಮೇಲೆ ಕೊಡವಿ, ತೊಳೆದು, ಪೂರ್ತಿ ಒಣಗಿಸಿ ಮುಚ್ಚಿಡಿ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಕೈಗೆ ಒದ್ದೆ ಅನಿಸುವುದಿಲ್ಲ, ಅದಕ್ಕೇ ಒಣಗಿದೆ ಅನಿಸಿದ ಮೇಲೂ ಇನ್ನೊಂದು ದಿನ ಗಾಳಿಗೆ ಬಿಡಿ.