ಕನ್ನಡಿಯೊಳಗಿನ ಎದುರಾಳಿ

ಪ್ರಶ್ನೆ: ನಮ್ಮ ಕಾರಿನ ಪಕ್ಕದ ಕನ್ನಡಿಗೆ ಒಂದು ಪಿಕಳಾರ ಎರಡು ವಾರದಿಂದ ದಿನಾ ಬೆಳಿಗ್ಗೆ ಬಂದು ಕುಕ್ಕುತ್ತಿದೆ. ‘ಮುಖ ನೋಡಿಕೊಳ್ಳುವ ಸುಂದರಿ’ ಎಂದು ಬರೆದು ಗೆಳೆಯರಿಗೆ ಫೋಟೊ ಕಳಿಸಿದೆ. ಎಲ್ಲರೂ ನಕ್ಕರು. ಇನ್ನೊಂದು ಫೋಟೊದಲ್ಲಿ ಕಾಗೆಯೊಂದು ಇರುವೆ ಗೂಡಿನ ಮೇಲೆ ರೆಕ್ಕೆ ಹರಡಿ ಕೂತಿದೆ. ಇವಕ್ಕೆ ಏನಾಗಿದೆ?

ಉತ್ತರ: ಫೋಟೊ ನೋಡಿ ನನಗೂ ನಗು ಬಂತು. ಆದರೆ ಮೊದಲನೆಯದನ್ನು ಇನ್ನೊಮ್ಮೆ ನೋಡಿ. ಜುಟ್ಟು ನಿಮಿರಿದೆ, ಬಾಲ ಬಿಚ್ಚಿದೆ, ಕಾಲು ಮುಂದೆ ಚಾಚಿದೆ. ಅದು ಸಿಂಗಾರವಲ್ಲ, ಜಗಳ. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿ ತನ್ನ ಜಾಗಕ್ಕೆ ಬೇರೆಯವರನ್ನು ಬಿಡುವುದಿಲ್ಲ. ಕನ್ನಡಿಯಲ್ಲಿ ಕಾಣುವ ಪಿಕಳಾರ ಅದಕ್ಕೆ ಬೇರೆಯವನೇ. ಎಷ್ಟು ಹೊಡೆದರೂ ಓಡಿಹೋಗದ ವೈರಿ! ಅಂದಹಾಗೆ, ಪಿಕಳಾರದಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಹೀಗೆ ಕಾದಾಡುವುದು ಜಾಸ್ತಿ ಗಂಡೇ.

ಕನ್ನಡಿಯಲ್ಲಿ ಇರುವುದು ತಾನೇ ಎಂದು ತಿಳಿಯುವ ಹಕ್ಕಿಗಳು ತೀರಾ ಕಮ್ಮಿ. ಕಾಗೆಯ ಬಳಗದ ಮ್ಯಾಗ್‌ಪೈಗಳ ಕೊರಳಿಗೆ ಬಣ್ಣದ ಚುಕ್ಕೆ ಅಂಟಿಸಿ ಕನ್ನಡಿ ಮುಂದೆ ಬಿಟ್ಟಿದ್ದರು. ಕೆಲವು ಬಿಂಬ ನೋಡಿ, ತಮ್ಮದೇ ಕೊರಳಿನ ಚುಕ್ಕೆ ತೆಗೆಯಲು ಹೋದವು. 2008ರಲ್ಲಿ ಪ್ರಕಟವಾದ ಪ್ರಯೋಗ ಅದು.

ಒಮ್ಮೆ ನನ್ನ ಕಿಟಕಿಗೆ ಒಂದು ಸೂರಕ್ಕಿ ಹೀಗೇ ಬರುತ್ತಿತ್ತು. ಒಂದು ಬೆಳಿಗ್ಗೆ ಕೂತು ಎಣಿಸಿದೆ: ಇಪ್ಪತ್ತು ನಿಮಿಷಕ್ಕೆ 63 ಏಟು. ಅಷ್ಟು ಹೊತ್ತು ಅದು ಒಂದು ಹೂವನ್ನೂ ಮುಟ್ಟಲಿಲ್ಲ. ನೋಡಲಾಗಲಿಲ್ಲ ನನಗೆ. ಒಳಗಿನಿಂದ ಪರದೆ ಎಳೆದೆ, ಪ್ರಯೋಜನವಾಗಲಿಲ್ಲ. ಒಳಗೆ ಕತ್ತಲಾದಷ್ಟೂ ಹೊರಗೆ ಬಿಂಬ ಇನ್ನೂ ಚೆನ್ನಾಗಿ ಕಾಣುತ್ತದೆ, ಅಲ್ವಾ? ಹೊರಗಡೆಯಿಂದ ಹಳೇ ಪತ್ರಿಕೆ ಅಂಟಿಸಿದ ಮೇಲೆ ನಿಂತಿತು. ನೀವೂ ಕಾರು ನಿಲ್ಲಿಸಿದ ಕೂಡಲೇ ಕನ್ನಡಿಗೆ ಬಟ್ಟೆ ಚೀಲ ತೊಡಿಸಿ. ಎರಡೂ ಬದಿಗೆ. ಒಂದನ್ನೇ ಮುಚ್ಚಿದರೆ ಅದು ಇನ್ನೊಂದಕ್ಕೆ ಹೋಗುತ್ತದೆ.

ಕಾಗೆಗೆ ಏನೂ ಆಗಿಲ್ಲ. ಬೇಕೆಂದೇ ಇರುವೆಗಳನ್ನು ಮೈಮೇಲೆ ಹತ್ತಿಸಿಕೊಳ್ಳುತ್ತಿದೆ. ಕೆಲವು ಹಕ್ಕಿಗಳು ಇರುವೆಯನ್ನು ಕೊಕ್ಕಲ್ಲಿ ಹಿಡಿದು ಗರಿಗೆ ಉಜ್ಜಿಕೊಳ್ಳುವುದೂ ಉಂಟು. ಕೆಲವು ಜಾತಿಯ ಇರುವೆಗಳು ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ಅದರಿಂದ ಗರಿಯ ಹೇನು ಸಾಯುತ್ತದೆ ಎಂದು ಕೆಲವರು, ತಿನ್ನುವ ಮೊದಲು ಇರುವೆಯ ಆಮ್ಲ ಖಾಲಿ ಮಾಡಿಸುತ್ತವೆ ಎಂದು ಕೆಲವರು ಹೇಳುತ್ತಾರೆ. ತಜ್ಞರಲ್ಲಿ ಈಗಲೂ ಒಮ್ಮತವಿಲ್ಲ. ಅದಕ್ಕೇ ನಿಮ್ಮ ಫೋಟೊ ನನಗೆ ಅಷ್ಟು ಇಷ್ಟವಾಯಿತು. ಆಮೇಲೆ ಆ ಕಾಗೆ ಇರುವೆಗಳನ್ನು ತಿಂದಿತಾ, ಸುಮ್ನೆ ಕೊಡವಿ ಹಾರಿತಾ? ನೆನಪಿದ್ದರೆ ದಯವಿಟ್ಟು ಬರೆಯಿರಿ. ಎಷ್ಟು ಹೊತ್ತು ಕೂತಿತ್ತು ಅನ್ನುವುದೂ ಬೇಕು.