ಇಂಗ್ಲೆಂಡಿನ ಕ್ಲಿವ್ಡನ್ ಹೌಸ್‌ನಲ್ಲಿ ಒಂದು ರಾತ್ರಿ ಉಳಿಯೋದು ಕೊಟ್ಟ ದುಡ್ಡಿಗೆ ಸರಿಹೋಗುತ್ತಾ?

ನಿಮ್ಮ ಪ್ರಶ್ನೆ ಇದು: ಜೂನ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋಗುತ್ತಿದ್ದೀರಿ, ಒಂದು ರಾತ್ರಿ ಕ್ಲಿವ್ಡನ್‌ನಲ್ಲಿ (ಈಗ ಹೋಟೆಲ್ ಆಗಿರುವ ಹಳೆಯ ಶ್ರೀಮಂತರ ಬಂಗಲೆ) ತಂಗುವ ಆಸೆ, ಮನೆಯವರೆಲ್ಲ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಸರಿಹೋಗುತ್ತಾ, ಯಾವ ರೂಮು ಹಿಡಿಯಬೇಕು?

ಸರಿಹೋಗುತ್ತದೆ, ಆದರೆ ರಾತ್ರಿ 9ಕ್ಕೆ ಬಂದು ಬೆಳಿಗ್ಗೆ 9ಕ್ಕೆ ಹೊರಡುವವರಿಗಲ್ಲ. ಕಾರಣ ಹೇಳುತ್ತೇನೆ. ಮನೆ, ತೋಟ, 376 ಎಕರೆ ಜಾಗ, ಎಲ್ಲ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದ್ದು. ಹೋಟೆಲಿನವರು ಮನೆಯನ್ನು ಗುತ್ತಿಗೆಗೆ ಹಿಡಿದು ನಡೆಸುತ್ತಾರೆ. ಹಗಲು ಹೊತ್ತು ಟಿಕೆಟ್ ಕೊಂಡು ಯಾರು ಬೇಕಾದರೂ ತೋಟ ನೋಡಬಹುದು. ನೀವು ಹೆಚ್ಚುವರಿಯಾಗಿ ದುಡ್ಡು ಕೊಡುವುದು, ಆ ಜನವೆಲ್ಲ ಸಂಜೆ ಹೊರಟುಹೋದ ಮೇಲಿನ ಹೊತ್ತಿಗೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಸುಮಾರಿಗೆ, ಅಂದರೆ ಮೂರು ನಾಲ್ಕು ಗಂಟೆ ಬೆಳಕು, ಖಾಲಿ ತೋಟ. ಬೆಳಿಗ್ಗೆಯೂ ಅಷ್ಟೇ, ಸಂದರ್ಶಕರ ಗೇಟು ತೆರೆಯುವ ಮೊದಲು ಒಂದು ಸುತ್ತು ಹಾಕಿಬಿಡಿ. ಇದೇ ದುಡ್ಡು ಡಿಸೆಂಬರ್‌ನಲ್ಲಿ ಕೊಟ್ಟರೆ ಸಂಜೆ 4ಕ್ಕೇ ಕತ್ತಲು. ಆಗ ಒಳಗಿನ ಬೆಂಕಿಗೂಡಿನ ಮುಂದೆ ಕೂರುವುದೊಂದೇ ಸುಖ.

ಹೆಸರು ನೋಡಿ ರಾಬರ್ಟ್ ಕ್ಲೈವ್‌ನ ಮನೆ ಎಂದುಕೊಳ್ಳಬೇಡಿ, ಅವನಿಗೂ ಇದಕ್ಕೂ ಸಂಬಂಧವಿಲ್ಲ. (ಕ್ಲೈವ್ ಮನೆತನದ ಸಂಗ್ರಹ, ನಮ್ಮ ಟಿಪ್ಪುವಿನ ಗುಡಾರ ಸಮೇತ, ಇರುವುದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿ.) ಇಲ್ಲಿ ಮೊದಲ ಮನೆ ಕಟ್ಟಿಸಿದವನು 17ನೇ ಶತಮಾನದ ಬಕಿಂಗ್‌ಹ್ಯಾಮ್ ಡ್ಯೂಕ್. ಅದು 1795ರಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟಿದ್ದು 1849ರಲ್ಲಿ ಸುಟ್ಟಿತು. ಈಗ ಕಾಣುವುದು ಚಾರ್ಲ್ಸ್ ಬ್ಯಾರಿ ವಿನ್ಯಾಸ ಮಾಡಿದ ಮೂರನೆಯ ಮನೆ. ಎರಡೂ ಬೆಂಕಿಗಳಲ್ಲಿ ಉಳಿದುಕೊಂಡದ್ದು ಅದರ ಬುಡದಲ್ಲಿರುವ ಕಮಾನುಗಳ ಜಗಲಿ. 1893ರಲ್ಲಿ ಕೊಂಡುಕೊಂಡವರು ಅಮೆರಿಕದ ಆಸ್ಟರ್ ಮನೆತನ, ಆ ಮನೆಯ ಸೊಸೆ ನ್ಯಾನ್ಸಿ ಆಸ್ಟರ್ 1919ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಕುಳಿತ ಮೊದಲ ಹೆಂಗಸು. ಚಿತ್ರಕಾರ ಸಾರ್ಜೆಂಟ್ ಬರೆದ ಆಕೆಯ ದೊಡ್ಡ ಚಿತ್ರ ಗ್ರೇಟ್ ಹಾಲ್‌ನಲ್ಲೇ ಇದೆ. ಈಜುಕೊಳವೂ ಪ್ರಸಿದ್ಧವೇ: 1961ರ ಜುಲೈನಲ್ಲಿ ಬ್ರಿಟನ್ನಿನ ಮಂತ್ರಿ ಪ್ರೊಫ್ಯೂಮೊ ಮಾಡೆಲ್ ಕ್ರಿಸ್ಟೀನ್ ಕೀಲರ್‌ಳನ್ನು ಮೊದಲು ಕಂಡದ್ದು ಅಲ್ಲಿ. ಅವರ ಸಂಬಂಧ ಬಯಲಾಗಿ ಎರಡು ವರ್ಷದ ನಂತರ ಅವನ ಪದವಿ ಹೋಯಿತು.

ರೂಮಿನ ವಿಷಯ. ಬುಕಿಂಗ್ ಸೈಟಿನಲ್ಲಿ 'ಡೀಲಕ್ಸ್', 'ಸುಪೀರಿಯರ್' ಎಂಬ ಹೆಸರುಗಳನ್ನು ನಂಬಿ ಕೂರಬೇಡಿ. ಇದು ಹೋಟೆಲ್ ಎಂದು ಕಟ್ಟಿದ ಮನೆಯಲ್ಲ, ಒಂದೊಂದು ರೂಮಿನ ಅಳತೆ, ಕಿಟಕಿ, ಬಚ್ಚಲು ಬೇರೆ ಬೇರೆ. ನೇರ ಫೋನ್ ಮಾಡಿ ನಾಲ್ಕು ಮಾತು ಕೇಳಿ: ರೂಮು ಮುಖ್ಯ ಮನೆಯಲ್ಲೋ, ಪಕ್ಕಕ್ಕೆ ಚಾಚಿದ ಕಟ್ಟಡದಲ್ಲೋ? ಕಿಟಕಿ ದಕ್ಷಿಣಕ್ಕೋ? (ಪಾರ್ಟೇರ್, ಅಂದರೆ ಅಚ್ಚುಕಟ್ಟಾಗಿ ಪಾತಿ ಮಾಡಿದ ತೋಟ, ಮತ್ತು ಥೇಮ್ಸ್ ನದಿ ಇರುವುದು ಆ ಕಡೆ. ಉತ್ತರಕ್ಕೆ ಕಾಣುವುದು ಅಂಗಳ ಮತ್ತು ಬರುವ ದಾರಿ.) ಲಿಫ್ಟಿನಿಂದ ರೂಮಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಸ್ನಾನಕ್ಕೆ ನಿಂತು ಮಾಡುವ ಶವರ್ ಇದೆಯೋ, ಟಬ್ಬು ಮಾತ್ರವೋ? ಅಪ್ಪ ಅಮ್ಮನಿಗೆ ಕೊನೆಯ ಎರಡೇ ಮುಖ್ಯ. ಮಂಡಿ ನೋವಿರುವವರು ಎತ್ತರದ ಟಬ್ಬಿನ ಅಂಚು ದಾಟಿ ಇಳಿಯುವಾಗಲೇ ಜಾರುವುದು.

ಜೊತೆಗೆ, ಆ ದಿನ ಮದುವೆ ಇದೆಯೇ ಎಂದೂ ಕೇಳಿ. ಇಂಥ ಮನೆಗಳಲ್ಲಿ ಶನಿವಾರ ಮದುವೆ ಜಾಸ್ತಿ. ಇದ್ದರೆ ಒಳ್ಳೆಯ ಕೋಣೆಗಳು ಅವರ ಪಾಲು, ನೀವು ಸುತ್ತಿ ಬಳಸಿ ಓಡಾಡಬೇಕು. ಸಾಮಾನ್ಯವಾಗಿ ಭಾನುವಾರ ರಾತ್ರಿಯ ದರವೇ ಕಡಿಮೆ.

ಮನೆ ಗ್ರೇಡ್ 1 ಪಟ್ಟಿಯಲ್ಲಿರುವ, ಅಂದರೆ ಕಾನೂನಿನ ರಕ್ಷಣೆಯಿರುವ ಕಟ್ಟಡ, ಅನುಮತಿ ಇಲ್ಲದೆ ಗೋಡೆ ಕೊರೆಯುವಂತಿಲ್ಲ, ಕಿಟಕಿ ಬದಲಿಸುವಂತಿಲ್ಲ. ಹಾಗಾಗಿ ಹೊಸ ಹೋಟೆಲಿನ ತಂಪು, ನಿಶ್ಶಬ್ದ ಎರಡನ್ನೂ ನಿರೀಕ್ಷಿಸಬೇಡಿ. ನಿಮ್ಮ ತಲೆಯ ಮೇಲಿನ ಮಹಡಿಯಲ್ಲಿ ಯಾರಾದರೂ ನಡೆದರೆ ನೆಲದ ಹಲಗೆ ಕಿರುಗುಟ್ಟುತ್ತದೆ. ನಿದ್ದೆ ಸೂಕ್ಷ್ಮವಾಗಿದ್ದರೆ ಆದಷ್ಟು ಮೇಲಿನ ರೂಮು ಕೇಳಿ.

ಬಚ್ಚಲಿನ ಬಗ್ಗೆ ಯಾರೂ ಹೇಳದ ಮಾತು: ಟಬ್ಬಿನ ಹೊರಗಿನ ನೆಲದಲ್ಲಿ ನೀರು ಹೋಗುವ ತೂಬು ಇರುವುದಿಲ್ಲ. ಚೆಂಬಿನಲ್ಲಿ ಸ್ನಾನ ಮಾಡಿದರೆ ನೀರು ಹಲಗೆಯ ಸಂದಿನಲ್ಲಿ ಇಳಿದು ಕೆಳಗಿನ ರೂಮಿನ ಅಲಂಕಾರದ ಚಾವಣಿಗೆ ತಾಕುತ್ತದೆ. ಶವರ್ ಪರದೆ ಇದ್ದರೆ ಅದನ್ನು ಟಬ್ಬಿನ ಒಳಕ್ಕೆ ಬಿಡಬೇಕು. ಊದುಬತ್ತಿ, ದೀಪ ಹಚ್ಚುವುದೂ ಬೇಡ. ಹೊಗೆ ಸೆನ್ಸರ್ ಕೂಗಿದರೆ ನಡುರಾತ್ರಿಯಾದರೂ ಇಡೀ ಮನೆಯವರು ಅಂಗಳಕ್ಕೆ ಇಳಿಯಬೇಕು. ಎರಡು ಸಲ ಸುಟ್ಟ ಮನೆ, ಅವರ ಭಯಕ್ಕೆ ಅರ್ಥವಿದೆ.

ಊಟದಲ್ಲೇ ಹೆಚ್ಚು ಎಡವುವುದು. ಇಂಗ್ಲೆಂಡಿನಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿಯೇ. ಮಧ್ಯಾಹ್ನದ ಟೀ ತಟ್ಟೆಯಲ್ಲಿ ಮೊಟ್ಟೆ ಮೇಯನೇಸ್ ಸ್ಯಾಂಡ್‌ವಿಚ್ ಸಾಮಾನ್ಯ. ಸ್ಕೋನ್ (ಟೀ ಜೊತೆ ಕೊಡುವ ಸಣ್ಣ ಬನ್ನು) ಮೇಲೆ ಹೊಳಪಿಗೆ ಮೊಟ್ಟೆ ಸವರಿರುತ್ತಾರೆ. ಇನ್ನು ಕಣ್ಣಿಗೆ ಕಾಣದವು: ಮೂಸ್, ಪನ್ನಕೋಟಾದಂಥ ಸಿಹಿಗಳಲ್ಲಿ ಪ್ರಾಣಿಯ ಮೂಳೆ, ಚರ್ಮದ ಜೆಲಟಿನ್, ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್, ಸೂಪಿನಲ್ಲಿ ಕೋಳಿ ಬೇಯಿಸಿದ ನೀರು, ವೂಸ್ಟರ್ ಸಾಸ್‌ನಲ್ಲಿ ಮೀನು. ಆದ್ದರಿಂದ ಕನಿಷ್ಠ ಮೂರು ದಿನ ಮೊದಲೇ ಇಮೇಲ್‌ನಲ್ಲಿ ಒಂದೊಂದನ್ನೂ ಹೆಸರಿಸಿ ಬರೆಯಿರಿ. ಸುಲಭ ಉಪಾಯವೂ ಇದೆ: 'ವೀಗನ್' (ಪ್ರಾಣಿಯಿಂದ ಬಂದದ್ದು ಏನನ್ನೂ, ಹಾಲನ್ನೂ ಮುಟ್ಟದವರು) ಎಂದುಬಿಡಿ, ಈ ಪಟ್ಟಿಯೆಲ್ಲ ಒಂದೇ ಮಾತಿಗೆ ಹೋಗುತ್ತದೆ. ಹಾಲು, ಬೆಣ್ಣೆ, ಮೊಸರು ಬೇಕು ಎಂದು ಬೇರೆಯಾಗಿ ಸೇರಿಸಿ. ಈರುಳ್ಳಿ ಬೆಳ್ಳುಳ್ಳಿಯೂ ಬೇಡವಾದರೆ ಅದನ್ನೂ ಬರೆಯಿರಿ, ಅವರಿಗೆ ತಾವಾಗಿ ಹೊಳೆಯುವುದಿಲ್ಲ. ಬಡಿಸುವವರಿಗೆ ಕೊನೆ ಗಳಿಗೆಯಲ್ಲಿ ಹೇಳಿದರೆ ಬರುವುದು ಬೇಯಿಸಿದ ತರಕಾರಿ, ಬಿಲ್ಲು ಮಾತ್ರ ಪೂರ್ತಿ. ರಾತ್ರಿ ಊಟಕ್ಕೆ ಟ್ರ್ಯಾಕ್ ಪ್ಯಾಂಟು, ಚಡ್ಡಿ ಬೇಡ. ಸೀರೆ ಉಟ್ಟ ಅಮ್ಮನ ಬಗ್ಗೆ ಚಿಂತೆಯೇ ಇಲ್ಲ.

ಹೋಗುವುದು ಹೇಗೆ: ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಟ್ಯಾಪ್ಲೋದಲ್ಲಿ ಇಳಿಯಬಹುದು. ಹೀಥ್ರೂನಿಂದಾದರೆ ಹೇಯ್ಸ್ ಅಂಡ್ ಹಾರ್ಲಿಂಗ್ಟನ್‌ನಲ್ಲಿ ಗಾಡಿ ಬದಲಿಸಿ. ಟ್ಯಾಪ್ಲೋ ಸಣ್ಣ ನಿಲ್ದಾಣ, ಟ್ಯಾಕ್ಸಿ ಕಾದು ನಿಂತಿರುತ್ತದೆ ಎಂಬ ಭರವಸೆ ಬೇಡ, ಮೊದಲೇ ಹೇಳಿಡಿ. ಅಥವಾ ಮುಂದಿನ ನಿಲ್ದಾಣ ಮೇಡನ್‌ಹೆಡ್‌ನಲ್ಲಿ ಇಳಿಯಿರಿ. ಮೂವರು, ಸೂಟ್‌ಕೇಸು, ವಯಸ್ಸಾದವರು ಎಂದರೆ ಹೀಥ್ರೂನಿಂದ ನೇರ ಟ್ಯಾಕ್ಸಿಯೇ ವಾಸಿ, ರಸ್ತೆ ಬಿಡುವಾಗಿದ್ದರೆ ಅರ್ಧ ಗಂಟೆಯ ದಾರಿ. ರೂಮು ಸಿಗುವುದು ಮಧ್ಯಾಹ್ನದ ಮೇಲೆ. ಆದರೂ 11ಕ್ಕೇ ಹೋಗಿ ಲಗೇಜು ಒಪ್ಪಿಸಿ ತೋಟಕ್ಕೆ ಇಳಿಯಿರಿ.

ತೋಟದಲ್ಲಿ ನದಿಗೆ ಇಳಿಯುವ ನೇರ ದಾರಿ 172 ಮೆಟ್ಟಿಲು. ಇಳಿದಷ್ಟೂ ಹತ್ತಬೇಕು, ಅಪ್ಪ ಅಮ್ಮನನ್ನು ಅತ್ತ ಕರೆದೊಯ್ಯಬೇಡಿ. ಮನೆಯ ಹಿಂದಿನ ಜಗಲಿಯಿಂದಲೇ ನದಿ ಚೆನ್ನಾಗಿ ಕಾಣುತ್ತದೆ. ಅಲ್ಲೇ ಕೆಳಗೆ ರೋಮ್‌ನ ಬೋರ್ಗೀಸ್ ಬಂಗಲೆಯಿಂದ 1890ರ ದಶಕದಲ್ಲಿ ತಂದ ಕಲ್ಲಿನ ಕಟಾಂಜನವಿದೆ. ಬಗ್ಗಿ ಸಂದುಗಳನ್ನು ನೋಡಿ: ಕಲ್ಲಿನ ಜೊತೆಗೇ ಇಟಲಿಯಿಂದ ಬಂದ ಪುಟ್ಟ ಬಸವನಹುಳುಗಳು ಅಲ್ಲೇ ಬೀಡುಬಿಟ್ಟಿವೆ, ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದುಡ್ಡಿನ ಲೆಕ್ಕ. ಹೇಳಿದ ದರದಲ್ಲಿ 20% ವ್ಯಾಟ್ ಸೇರಿರುತ್ತದೆ. ಊಟದ ಬಿಲ್ಲಿಗೆ ಸೇರಿಸುವ ಸರ್ವಿಸ್ ಚಾರ್ಜ್ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 12.5%ರಿಂದ 15%, ಬಿಲ್ಲಿನಲ್ಲಿ 'ಐಚ್ಛಿಕ' ಎಂದಿದ್ದರೆ ತೆಗೆಯಿರಿ ಎನ್ನಬಹುದು. ಅದನ್ನು ಕೊಟ್ಟರೆ ಮತ್ತೆ ಟಿಪ್ಸ್ ಬೇಡ. ಚೆಕ್-ಇನ್‌ನಲ್ಲಿ ಕಾರ್ಡಿನ ಮೇಲೆ ಒಂದು ಮೊತ್ತ ತಡೆಹಿಡಿಯುತ್ತಾರೆ. ಇದಕ್ಕೆ ಫಾರೆಕ್ಸ್ ಕಾರ್ಡ್ ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ. ಪ್ರಿಪೇಯ್ಡ್ ಕಾರ್ಡಿನಲ್ಲಿ ತಡೆದ ಹಣ ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ನಿಮ್ಮ ಉಳಿದ ಪ್ರವಾಸದ ಖರ್ಚಿಗೆ ಕೈ ಕಟ್ಟಿಹೋಗುತ್ತದೆ. ಮೆಷೀನು ರೂಪಾಯಿಯೋ ಪೌಂಡೋ ಎಂದು ಕೇಳಿದರೆ ಪೌಂಡ್ ಒತ್ತಿ. ರೂಪಾಯಿ ಒತ್ತಿದರೆ ಅವರದೇ ಲೆಕ್ಕದ ದರ, ಸಾಮಾನ್ಯವಾಗಿ ದುಬಾರಿ.